ನಾಲ್ಕನೇ ಮಗ್ಗದ ಜಾಗ

ನಮ್ಮ ಹಿತ್ತಲಿಗೆ ಪೂರ್ವ, ಪಶ್ಚಿಮ ಎಂಬ ದಿಕ್ಕುಗಳಿಲ್ಲ. ಒಂದನೇ ಮಗ್ಗ, ಎರಡನೇ ಮಗ್ಗ, ಮೂರನೇ ಮಗ್ಗ, ನಾಲ್ಕನೇ ಮಗ್ಗ ಇವೆ. ಮಗ್ಗಗಳು ಈಗ ಅಲ್ಲಿಲ್ಲ. ಆದರೂ ನಮ್ಮ ಅತ್ತೆ "ಎರಡನೇ ಮಗ್ಗದಾಗ ಕರಿಬೇವು ಹಚ್ಚು, ಮೂರನೇ ಮಗ್ಗದ ಮ್ಯಾಲ ಹಪ್ಪಳ ಒಣಹಾಕು" ಎಂದೇ ಹೇಳುತ್ತಾರೆ. ಹೊಸಬರು ಕೇಳಿದರೆ ಈ ಮನೆಯವರಿಗೆ ಏನೋ ಆಗಿದೆ ಎಂದುಕೊಳ್ಳಬೇಕು.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಹಿಂದಿನ ತಗಡಿನ ಪತ್ರಾಸಿನ ಶೆಡ್ಡಿನಲ್ಲಿ ನಾಲ್ಕು ಕರೆಂಟಿನ ಮಗ್ಗಗಳು ಹಗಲೂ ರಾತ್ರಿ ಓಡುತ್ತಿದ್ದವು. ನಾನು ಮುಧೋಳದ ಕಡೆಯ ಕಬ್ಬಿನ ಹೊಲದ ಮನೆಯಿಂದ ಸೊಸೆಯಾಗಿ ಬಂದವಳು. ಬಂದ ಹೊಸದರಲ್ಲಿ ಆ ಸಪ್ಪಳಕ್ಕೆ ನಿದ್ದೆಯಿಲ್ಲದೆ ಒದ್ದಾಡಿ, ಒಂದು ರಾತ್ರಿ ಕಿವಿಗೆ ಅರಳೆ ಇಟ್ಟುಕೊಂಡು ಮಲಗಿದೆ. ಅದನ್ನು ಅತ್ತೆ ನೋಡಿಬಿಟ್ಟರು. ಮರುದಿನ ಓಣಿಗೆಲ್ಲ ಸುದ್ದಿ. "ನಮ್ಮ ಸೊಸಿ ಕಬ್ಬ ಬೆಳಿಯೂ ಸಪ್ಪಳ ಕೇಳಕೋತ ಮಲಗಿದಾಕಿರೀ. ಇಲ್ಲಿ ಹೆಂಗ ನಿದ್ದಿ ಬಂದೀತು" ಎಂದು ಹೇಳಿಕೊಂಡು ನಕ್ಕಿದ್ದರು.

ಅವರ ತಲೆದಿಂಬಿನ ಬದಿಗೆ ಯಾವಾಗಲೂ ಒಂದು ತಾಮ್ರದ ತಂಬಿಗೆ ಇರುತ್ತಿತ್ತು. ಮಗ್ಗ ಓಡುವಾಗ ಅದರೊಳಗಿನ ನೀರು ಸುಮ್ಮನೆ ನಿಂತದ್ದನ್ನು ನಾನು ನೋಡಿದವಳೇ ಅಲ್ಲ. ಮಗ್ಗದ ಹೊಡೆತಕ್ಕೆ ನೆಲ ನಡುಗಿ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಅತ್ತೆ ಅದರ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು.

ಹೋದ ವರ್ಷ ನಮ್ಮ ಮನೆಯವರಿಗೆ ತಾಯಿಯ ಮೇಲೆ ಎಲ್ಲಿಲ್ಲದ ಕಾಳಜಿ ಉಕ್ಕಿತು. ಊರ ಹೊರಗೆ ಶೆಡ್ ಹಿಡಿದು ನಾಲ್ಕೂ ಮಗ್ಗಗಳನ್ನು ಅಲ್ಲಿಗೆ ಸಾಗಿಸಿದರು. "ಯವ್ವಾ, ಹುಟ್ಟಿದಾಗಿಂದ ಈ ಸಪ್ಪಳದಾಗ ಬದುಕೀದಿ. ಇನ್ನ ಮ್ಯಾಲ ಆರಾಮ ಮಲಗು" ಎಂದರು. ಪತ್ರಾಸು ತೆಗೆಸಿ, ನೆಲದ ಫರಸಿ ಕಲ್ಲು ಕೀಳಿಸಿ, ಮಣ್ಣು ತುಂಬಿಸಿ ಶೆಡ್ಡಿನ ಜಾಗವನ್ನು ಹಿತ್ತಲು ಮಾಡಿದರು. ನಾಲ್ಕನೇ ಮಗ್ಗದ ಮೂಲೆ ಮಾತ್ರ ಪತ್ರಾಸು, ಫರಸಿ ಸಮೇತ ಹಾಗೆಯೇ ಉಳಿಯಿತು. ಹಬ್ಬಕ್ಕೆಂದು ಊರಿಗೆ ಹೋದ ಕೆಲಸದವರು ತಿರುಗಿ ಈ ಕಡೆ ಮುಖ ಹಾಕಲಿಲ್ಲ.

ಮನೆ ತಣ್ಣಗಾಯಿತು. ನಾವು ಮಾತ್ರ ತಣ್ಣಗಾಗಲಿಲ್ಲ. ಮಗ್ಗದ ಸಪ್ಪಳದ ಮೇಲೆ ಕೂಗಿ ಕೂಗಿ ಅಭ್ಯಾಸವಾಗಿ, ಈಗಲೂ "ಉಪ್ಪ ಕೊಡು" ಎಂಬುದನ್ನು ಪಕ್ಕದ ಓಣಿಗೆ ಕೇಳುವ ಹಾಗೆ ಹೇಳುತ್ತೇವೆ. ನನ್ನ ಫೋನ್ ಬಂದರೆ ಜಮಖಂಡಿಯ ನಮ್ಮ ಅಕ್ಕ ಅದನ್ನು ಕಿವಿಯಿಂದ ಮೊಳದಷ್ಟು ದೂರ ಹಿಡಿಯುತ್ತಾಳೆ.

ಆದರೆ ಅತ್ತೆಯ ನಿದ್ದೆ ಎಲ್ಲೋ ಹೋಯಿತು. ರಾತ್ರಿಯೆಲ್ಲ ಹೊರಳಾಡುವುದು, ಎದ್ದು ಕೂಡುವುದು, ಹಗಲಿನಲ್ಲಿ ಕೂತಲ್ಲೇ ತೂಕಡಿಸುವುದು. ಚಹಾ ಬಿಡಿಸಿದೆವು. ಡಾಕ್ಟರು ವಯಸ್ಸಿನ ಮೇಲೆ ಹಾಕಿದರು. ನಮ್ಮ ಮನೆಯವರು ಸೆಕೆಯ ಮೇಲೆ ಹಾಕಿ ಹೊಸ ಫ್ಯಾನ್ ತಂದರು. ಒಂದು ಮುಂಜಾನೆ ಅತ್ತೆ ರೊಟ್ಟಿ ಬೇಯಿಸುತ್ತಾ ಬೇಯಿಸುತ್ತಾ ಕಣ್ಣು ಮುಚ್ಚಿದರು. ಕೈ ಕಾದ ಹಂಚಿನ ಮೇಲೆ ಇಳಿಯುವುದರೊಳಗೆ ನಾನು ಹಿಡಿದೆ. ಅಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ದಿನಾ ನನ್ನನ್ನು ಆಡಿಕೊಳ್ಳುತ್ತಿದ್ದ ಬಾಯಿ ಬತ್ತಿ ಹೋಗಿತ್ತು. ಅದು ತಿರುಗಿ ಬಂದರೆ ಸಾಕು ಎನ್ನಿಸಿತು.

ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡೆ. "ನಮ್ಮ ಮನ್ಯಾಗ ರಾತ್ರಿರಾಣಿ ಗಿಡ ಐತಲೇ. ಅದರ ವಾಸನಿ ತಗೊಂಡ ಮಲಗಿದರ ಹೊಡದ ಎಬ್ಬಿಸಿದರೂ ಏಳಂಗಿಲ್ಲ. ಬಂದ ಒಯ್ಯಿ" ಎಂದಳು.

ಅಕ್ಕ ಎಣ್ಣೆ ಡಬ್ಬಿಯಲ್ಲಿ ಬೆಳೆಸಿದ್ದ ಗಿಡ ಆಗಲೇ ಮೊಗ್ಗು ಹಿಡಿದಿತ್ತು. "ಅವಸರ ಮಾಡಿ ನೆಲಕ್ಕ ಹಚ್ಚಬ್ಯಾಡ. ಡಬ್ಬಿ ಅಲ್ಲಿಷ್ಟ ಇಲ್ಲಿಷ್ಟ ಇಟ್ಟ ನೋಡು. ಅರ್ಧಾ ದಿನ ಬಿಸಲ ಬೇಕು, ಸಂಜೀಗೆ ಗಾಳಿ ಯಾವ ಕಡೆ ತಿರಗತೈತಿ ನೋಡಬೇಕು. ಭಾಳ ಸನೇಕ ಇಟ್ಟರ ತಲಿ ನೋವು, ಭಾಳ ದೂರ ಇಟ್ಟರ ಮಂದಿ ಪಾಲು" ಎಂದು ಕಳಿಸಿದಳು. ಮದುವೆಯಾಗಿ ಹೊರಟಾಗಲೂ ನನಗೆ ಇಷ್ಟು ಬುದ್ಧಿ ಹೇಳಿರಲಿಲ್ಲ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಹೆಂಗಸರಿಗೆ ಬಸ್ಸು ಫ್ರೀ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, ಗಿಡವನ್ನೂ ನೋಡಿ, "ಇದೇನರೀ?" ಎಂದ. ರಾತ್ರಿರಾಣಿ ಎಂದೆ. "ರಾಣಿ ಅಂದಮ್ಯಾಲ ಹೆಣ್ಣಮಗಳ ಆತಲ್ಲರೀ. ಅಕೀದು ಆಧಾರ್ ಎಲ್ಲೈತಿ?" ಎಂದ. ಬನಹಟ್ಟಿ ಬರುವವರೆಗೂ ಬಸ್ಸಿನವರೆಲ್ಲ ಗಿಡವನ್ನು ರಾಣಿಯವರೇ ಎಂದೇ ಮಾತಾಡಿಸಿದರು.

ಮೊದಲು ಡಬ್ಬಿಯನ್ನು ಒಂದನೇ ಮಗ್ಗದ ಜಾಗದಲ್ಲಿ ಇಟ್ಟೆವು. ಬಚ್ಚಲ ನೀರು ಅಲ್ಲಿಗೇ ಹರಿಯುತ್ತದೆ, ಅಡುಗೆಮನೆಯ ಬಾಗಿಲೂ ಅಲ್ಲೇ. ಗಿಡಕ್ಕೆ ಸುಖ. ಆದರೆ ಹೂ ಅರಳುವ ಹೊತ್ತಿಗೇ ನನ್ನ ಒಗ್ಗರಣೆಯ ಹೊತ್ತು. ಎರಡೂ ವಾಸನೆ ಕೂಡಿ ಒಳಗೆ ಬಂದವು. "ರಾಣಿ ಬೆಳ್ಳೊಳ್ಳಿ ತಿಂದ ಬಂದಾಳ ನೋಡು" ಎಂದರು ಅತ್ತೆ. ಬಹಳ ದಿನಗಳ ಮೇಲೆ ಅವರ ಬಾಯಿಂದ ಬಂದ ಚೇಷ್ಟೆಯ ಮಾತು ಅದು. ನಿದ್ದೆ ಮಾತ್ರ ಬರಲಿಲ್ಲ.

ಮೂರನೇ ಮಗ್ಗಕ್ಕೆ ಸಾಗಿಸಿದೆವು. ಅದು ಅತ್ತೆಯ ಕೋಣೆಯ ಕಿಟಕಿಯ ಕೆಳಗೇ ಬರುತ್ತದೆ. ಆ ರಾತ್ರಿ ಗಿಡ ತನ್ನಲ್ಲಿದ್ದದ್ದನ್ನೆಲ್ಲ ಸುರಿಯಿತು. ನಮ್ಮ ಮನೆಯವರು ಸೀನಿ ಸೀನಿ ಎದ್ದು ಅಂಗಳಕ್ಕೆ ಹೋದರು. ನನ್ನ ಹಣೆ ಸಿಡಿಯತೊಡಗಿತು. ಅತ್ತೆ ಎದ್ದು ಕೂತು, "ಯಾರೋ ಮೈತುಂಬ ಅತ್ತರ ಹಚಗೊಂಡ ಬಂದು ಎದಿ ಮ್ಯಾಲ ಕುಂತಂಗ ಆಗೇತಿ. ಇದನ್ನ ಎಬ್ಬಸರಿ" ಎಂದರು. ಅದೇ ವಾರ ಬೀಳಗಿಯಿಂದ ಬಂದ ನಾದಿನಿ, ಈ ವಾಸನೆಗೆ ಹಾವು ಬರುತ್ತದೆ ಎಂದು ಹೇಳಿ ಹೋದಳು. ಹೇಳುವುದು ಹೇಳಿ ಆಕೆ ಬೀಳಗಿಗೆ ಹೋಗಿ ಹಾಯಾಗಿ ಮಲಗಿದಳು. ಇಲ್ಲಿ ಅತ್ತೆ ಬ್ಯಾಟರಿ ಹಿಡಿದು ಕಿಟಕಿಯಲ್ಲಿ ನಿಂತರು.

ಮಾಳಿಗೆಯ ಮೇಲೂ ಇಟ್ಟು ನೋಡಿದೆವು. ಅಕ್ಕ ಹೇಳಿದ ಹಾಗೆ ವಾಸನೆ ಮಂದಿಯ ಪಾಲಾಯಿತು. ಓಣಿಯ ತುದಿಯ ಮನೆಯಾಕೆ ಬಂದು, "ಏನ ಛಂದ ವಾಸನಿರೀ ನಿಮ್ಮನಿದು, ನಿನ್ನೆ ಮಲಗಿದ್ದ ಗೊತ್ತಾಗಲಿಲ್ಲ" ಎಂದಳು. ಅತ್ತೆ ಆಕೆಗೆ ಚಹಾ ಕೊಡಲು ಹೇಳಲಿಲ್ಲ.

ಉಳಿದದ್ದು ನಾಲ್ಕನೇ ಮಗ್ಗದ ಮೂಲೆ. ಎರಡನೆಯದು ಆಗಲೇ ಕರಿಬೇವಿನ ಪಾಲಾಗಿತ್ತು. ಮೂಲೆಯ ಗೋಡೆಯ ಆಚೆ ಪಕ್ಕದವರ ಶೆಡ್ಡು; ಅವರ ಮಗ್ಗಗಳು ರಾತ್ರಿ ಪಾಳಿಯಲ್ಲೂ ಓಡುತ್ತವೆ, ಆದರೆ ಆ ಸಪ್ಪಳ ನಮ್ಮ ಕೋಣೆಗಳವರೆಗೆ ಬರುವುದಿಲ್ಲ. ನಮ್ಮ ಮನೆಯವರು ಒಪ್ಪಲಿಲ್ಲ. "ಗಿಡ ಅಲ್ಲಿ ಇಟ್ಟರ ಅವ್ವನ ಕೋಣಿತನಕಾ ವಾಸನಿ ಬರೂದಿಲ್ಲ. ಗಿಡದ ಹತ್ರ ಅವ್ವ ಹೋಗಿ ಮಲಗಿದರ ಆ ಸಪ್ಪಳಕ್ಕ ನಿದ್ದಿ ಬರೂದಿಲ್ಲ" ಎಂದು ಎರಡು ಕಡೆಯಿಂದಲೂ ಕಟ್ಟಿಹಾಕಿದರು.

ಅತ್ತೆ ಆ ಮೂಲೆಗೆ ಹೋಗಿ ಸ್ವಲ್ಪ ಹೊತ್ತು ನಿಂತರು. ಗೋಡೆಗೆ ಅಂಗೈ ಹಚ್ಚಿದರು. ಗಿಡಕ್ಕೆ ಬಿಸಿಲು ಎಷ್ಟು ಎಂದು ನೋಡುತ್ತಿದ್ದಾರೆ ಎಂದುಕೊಂಡೆ. "ಗಿಡಕ್ಕ ಇದ ಛಲೋ ಜಾಗಾ. ಫರಸಿ ಅಂಚಿಗೆ ಇಡರಿ. ನನ್ನ ಹೊರಸ ಪತ್ರಾಸಿನ ಕೆಳಗ ಹಾಕರಿ. ನಂದ ನಾ ನೋಡಕೋತೇನಿ" ಎಂದರು.

ಅಂದು ಊಟವಾದ ಮೇಲೆ ತಂಬಿಗೆ ಇಟ್ಟು ಬರಲು ಹೋದೆ. ಗಾಳಿ ಹಿತವಾಗಿತ್ತು. ಗಿಡದ ವಾಸನೆ ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು. ಅತ್ತೆ ನನ್ನ ಕಡೆ ಬೆನ್ನು ಮಾಡಿ ಗೊರಕೆ ಹೊಡೆಯುತ್ತಿದ್ದರು. ನಾನು ಒಳಗೆ ಓಡಿ ಬಂದು ಮನೆಯವರನ್ನು ಕರೆದುಕೊಂಡು ಹೋದೆ. ಗಂಡ ಹೆಂಡತಿ ಇಬ್ಬರೂ ಒಂದು ಮುದುಕಿಯ ಗೊರಕೆಯನ್ನು ಸಂಗೀತ ಕಛೇರಿ ಕೇಳುವವರ ಹಾಗೆ ನಿಂತು ಕೇಳಿದೆವು.

ಮರುದಿನವೇ ಡಬ್ಬಿ ಒಡೆದು ಗಿಡವನ್ನು ಫರಸಿಯ ಅಂಚಿನ ನೆಲಕ್ಕೆ ಹಚ್ಚಿದೆವು. ಅಕ್ಕನಂತೂ ದಿನಕ್ಕೊಮ್ಮೆ ಫೋನ್ ಮಾಡಿ ತನ್ನ ವೈದ್ಯವನ್ನು ತಾನೇ ಹೊಗಳಿಕೊಂಡಳು. ಅತ್ತೆಯ ಮುಖಕ್ಕೆ ಕಳೆ ಬಂತು, ಬಾಯಿಗೆ ಮಾತು ಬಂತು, ನನ್ನ ಅರಳೆಯ ಕತೆ ತಿರುಗಿ ಓಣಿಗೆ ಬಂತು. ನಿದ್ದೆ ಬಾರದ ಹೆಂಗಸರೆಲ್ಲ ಬಂದು ಟೊಂಗೆ ಮುರಿದುಕೊಂಡು ಹೋದರು. ಅವರಲ್ಲಿ ಒಬ್ಬಾಕೆ ವಾರ ಬಿಟ್ಟು ಬಂದು, ತನಗೇನೂ ಗುಣ ಕಾಣಲಿಲ್ಲ ಎಂದು ಮುಖ ಸಣ್ಣ ಮಾಡಿದಳು. "ಜಾಗಾ ತಪ್ಪೀದಿ ನೋಡವಾ. ರಾಣಿಗೆ ಜಾಗಾ ಸರಿ ಇರಬೇಕು" ಎಂದು ಅತ್ತೆ ಗಂಭೀರವಾಗಿ ಹೇಳಿ ಕಳಿಸಿದರು.

ಆಮೇಲೆ ಅಮಾವಾಸ್ಯೆ ಬಂತು. ನಮ್ಮ ಊರಲ್ಲಿ ಅಮಾವಾಸ್ಯೆಗೆ ಮಗ್ಗಗಳಿಗೆ ಸೂಟಿ. ಒರೆಸಿ, ಎಣ್ಣೆ ಬಿಟ್ಟು, ಕಾಯಿ ಒಡೆದು ಪೂಜೆ ಮಾಡಿದ ಮೇಲೆ ಆ ದಿನ ಯಾರೂ ಸ್ವಿಚ್ ಮುಟ್ಟುವುದಿಲ್ಲ. ಗಿಡಕ್ಕೆ ಅಂದೇ ಹುಮ್ಮಸ್ಸು ಬಂದಿತ್ತು. ಎಲೆ ಕಾಣದ ಹಾಗೆ ಅರಳಿ, ಬಾಗಿಲು ತೆರೆದರೆ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಅತ್ತೆ ಇವತ್ತು ಲೋಕವನ್ನೇ ಮರೆತು ಮಲಗಿರುತ್ತಾರೆ ಎಂದುಕೊಂಡು ತಂಬಿಗೆ ಹಿಡಿದು ಹೋದೆ.

ಅತ್ತೆ ಹೊರಸಿನ ಮೇಲೆ ಎದ್ದು ಕೂತಿದ್ದರು. ಬೆನ್ನನ್ನು ಗೋಡೆಗೆ ಆನಿಸಿದ್ದರು.

"ಯಾಕ್ರಿ ಅತ್ತಿ, ಮಲಗಿಲ್ಲ?"

"ಇವತ್ತ ಗಿಡ ವಾಸನಿನ ಬಿಟ್ಟಿಲ್ಲ ನೋಡು" ಎಂದರು.

ನನಗೆ ಆ ವಾಸನೆಗೆ ಮೂಗು ಕಟ್ಟುವುದೊಂದು ಬಾಕಿ. ಬಗ್ಗಿ ತಂಬಿಗೆಯನ್ನು ಫರಸಿಯ ಮೇಲೆ ಇಟ್ಟೆ. ಬಲ್ಬಿನ ಬೆಳಕು ಅದರೊಳಗೆ ಬಿದ್ದಿತ್ತು. ನೀರು ಕನ್ನಡಿಯ ಹಾಗೆ ನಿಂತಿತ್ತು, ಒಂದು ಬಳೆಯೂ ಇಲ್ಲ. ಗೋಡೆಯ ಆಚೆ ಸದ್ದೇ ಇರಲಿಲ್ಲ.

ಮಗ್ಗಗಳು ನಮ್ಮ ಮನೆಯಲ್ಲೇ ಇದ್ದ ಕಾಲದಲ್ಲೂ ಅತ್ತೆ ಅಮಾವಾಸ್ಯೆಯ ರಾತ್ರಿ ಜಪಮಣಿ ಹಿಡಿದು ಕೂತಿರುತ್ತಿದ್ದರು. ಇಷ್ಟು ವರ್ಷ ಅದನ್ನು ನಾನು ಭಕ್ತಿ ಎಂದು ತಿಳಿದು, ಆ ದಿನ ಅವರ ಮುಂದೆ ದನಿ ತಗ್ಗಿಸಿ ಓಡಾಡಿದ್ದೇನೆ. ಮಗ ಕೊಟ್ಟ ಆರಾಮನ್ನು ಬೇಡ ಎನ್ನಲು ಬಾಯಿ ಬಾರದೆ ಈ ತಾಯಿ ಎಷ್ಟು ರಾತ್ರಿ ಸುಮ್ಮನೆ ಹೊರಳಾಡಿದರೋ. ಮನೆಯವರನ್ನು ಕರೆದು ಹೇಳಬೇಕೆನ್ನಿಸಿತು. ಅತ್ತೆಯ ಮುಖ ನೋಡಿ ಬಿಟ್ಟೆ.

"ಇವತ್ತ ಅಮಾಸಿ ಅಲ್ರಿ ಅತ್ತಿ. ನಾಳಿ ಬಿಡತೈತಿ" ಎಂದೆ.

ಅವರು ನನ್ನನ್ನೇ ನೋಡಿದರು. ತುಟಿಯ ಒಂದು ಕಡೆ ಮಾತ್ರ ನಗು ಬಂತು.

"ಯಾಕ, ಗಿಡಕ್ಕೂ ಅಮಾಸಿ ಸೂಟಿ ಏನ?"

"ಬನಹಟ್ಟಿ ಗಿಡ ಅಲ್ಲೇನ್ರಿ ಮತ್ತ" ಎಂದೆ.

ಅತ್ತೆ ಕಾಲು ಸರಿಸಿ ಹೊರಸಿನ ಮೇಲೆ ನನಗೆ ಜಾಗ ಮಾಡಿಕೊಟ್ಟರು.