ಭಾವನ ಮಾತ್ರೆಗೆ ಮಾವಿನ ಸೀಸನ್‌ನಲ್ಲಿ ರಜೆ

ಗೆಳೆಯರೇ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ನಡೆಸುವ ನಮ್ಮ ಭಾವ ಮಾತ್ರೆ ನಿಲ್ಲಿಸಿದ್ದಾರೆಂದು ಇವತ್ತು ಗೊತ್ತಾಯಿತು. ಅವರಿಗಿರುವುದು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯ ತಾಳ ತಪ್ಪಿ ಬಡಿಯುವ ಕಾಯಿಲೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋದರೆ ಸ್ಟ್ರೋಕ್. ಅದಕ್ಕೇ ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರು.

“ಸೀಸನ್ ಮುಗೀಲಿ ಕಣೋ. ಕ್ರೇಟ್ ಎತ್ತೋ ಹೊತ್ತಲ್ಲಿ ಆ ಮಾತ್ರೆ ತಗೊಂಡ್ರೆ, ಕೈಗೆ ಒಂದು ಗೀರು ಬಿದ್ರೂ ಬೇಗ ರಕ್ತ ನಿಲ್ಲಲ್ಲ,” ಅಂದರು ಭಾವ, ಮಂಡಿಗೇ ಹೋಗಿ ಕೇಳಿದಾಗ.

ಅವರ ಹೃದಯವೂ ಅಲ್ಲಿಯವರೆಗೆ ಕಾಯಲು ಒಪ್ಪಿರಬೇಕು.

“ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋದ್ರೆ, ಬೇರೆಯವರಿಗೆ ಕಾಣದ ಹಾಗೆ ಟವೆಲ್ ಕೆಳಗೆ ವ್ಯಾಪಾರಿ ಬೆರಳು ಹಿಡಿದು ರೇಟ್ ಹೇಳೋದು ಹೇಗೆ ಭಾವ?” ಅಂದೆ.

ಭಾವ ಮೊದಲ ಸಲ ಗಂಭೀರರಾದರು. ಮುಂದಿನ ವ್ಯಾಪಾರಿ ಬಂದಾಗ ಟವೆಲ್ ಕೆಳಗೆ ಎಡಗೈ ಚಾಚಿದರು.

“ಇದೇನ್ ಭಾವ?”

“ಅಭ್ಯಾಸ ಆಗ್ಲಿ.”

ಅವರಿಗೆ ಮುಂಜಾಗ್ರತೆ ಇಲ್ಲವೆಂದು ಇನ್ನು ಯಾವ ಡಾಕ್ಟರೂ ದೂರುವಂತಿಲ್ಲ.