ಈ ಗೋಡೆ ನಮ್ಮದು

ನನ್ನ ರಾಜಕೀಯ ಶಿಕ್ಷಣ ರಾಯಚೂರಿನಲ್ಲಿ ಆಗಲಿಲ್ಲ, ಎಡವಟ್ಟಾಗಿದ್ದೇ ಅಲ್ಲಿ. ಅಪ್ಪ ತಮಿಳು ಸೀಮೆಯಿಂದ ಕಾಲುವೆ ಕೆಲಸಕ್ಕೆಂದು ಮಾನ್ವಿ ಕಡೆಗೆ ಬಂದ ಗೌಂಡಿ. ನಾನು ಹುಟ್ಟಿದ್ದು ಕಾಲುವೆ ದಂಡೆಯ ಗುಡಿಸಲಿನಲ್ಲಿ. ಆಮೇಲೆ ದೇವದುರ್ಗದಲ್ಲಿ ಊರವರ ಮನೆಗಳನ್ನು ಕಟ್ಟುತ್ತಾ ಒಂದಷ್ಟು ವರ್ಷ ಕಳೆದು, ಕೊನೆಗೆ ರಾಯಚೂರಿನ ರೈಲು ಹಳಿಯ ಹಿಂದಿನ ಓಣಿಯಲ್ಲಿ ನೆಲೆಯೂರಿದೆವು.

ಆದರೆ ಬೇಸಿಗೆ ರಜೆ ಬಂತೆಂದರೆ ನಾನು ತಮಿಳುನಾಡಿನ ಅಜ್ಜಿಯ ಊರಿನಲ್ಲಿ. ಅಲ್ಲಿ ನನ್ನ ಸೋದರಮಾವ ಪಕ್ಷದ ಕಟ್ಟಾಳು. ಚುನಾವಣೆ ಇನ್ನೂ ಎಲ್ಲೋ ಇರುವಾಗಲೇ ಊರವರ ಗೋಡೆಗಳಿಗೆ ಸುಣ್ಣ ಬಳಿದು, ಈ ಗೋಡೆ ನಮ್ಮದು ಎಂದು ಬರೆದು ಹಿಡಿದಿಟ್ಟುಬಿಡುವುದು ಅವನ ಕೆಲಸ. ಒಮ್ಮೆ ಬರೆದರೆ ಮುಗಿಯಿತು, ಬೇರೆ ಪಕ್ಷದವರು ಅದನ್ನು ಮುಟ್ಟುವಂತಿಲ್ಲ. ಮನೆಯವರೂ ಚಕಾರವೆತ್ತುವುದಿಲ್ಲ, ಅಲ್ಲಿ ಅದೇ ವಾಡಿಕೆ. ಪ್ರಜಾಪ್ರಭುತ್ವ ಎಂದರೆ ಸುಣ್ಣ ಮತ್ತು ಕುಂಚ, ಮೊದಲು ಹೋದವನದೇ ಗೋಡೆ ಎಂದು ನಾನು ಮನಸಾರೆ ನಂಬಿದೆ.

ಅಪ್ಪನೇನು ಕಡಿಮೆಯೇ? ತನಗೆ ವೋಟೇ ಇಲ್ಲದ ಆ ರಾಜ್ಯದ ಫಲಿತಾಂಶವನ್ನು ರೇಡಿಯೊಗೆ ಕಿವಿ ಹಚ್ಚಿ ಕೇಳುತ್ತಿದ್ದ. ತನ್ನವರು ಸೋತರೆ ಊಟ ಬಿಡುತ್ತಿದ್ದ. ಇಲ್ಲಿಯ ವೋಟಿನ ದಿನ ಮಾತ್ರ ಕರಣೆ ಹಿಡಿದು ಕೆಲಸಕ್ಕೆ ಹೋಗುತ್ತಿದ್ದ. ಇಲ್ಲಿಯ ಜಗಳ ಇಲ್ಲಿಯವರಿಗಿರಲಿ, ನಾವು ದುಡಿಯಲು ಬಂದವರು ಎನ್ನುವುದು ಅವನ ಸಿದ್ಧಾಂತ.

ಅಮ್ಮನಿಗೆ ಸಿದ್ಧಾಂತ ಇರಲಿಲ್ಲ, ಕೊಡ ಇತ್ತು. ನಮ್ಮ ಓಣಿಗೆ ನಳ ಇರಲಿಲ್ಲವಾದ್ದರಿಂದ ಮುಂದಿನ ಓಣಿಯ ಒಬ್ಬ ಮುದುಕಿಯ ಅಂಗಳದ ನಳವೇ ಗತಿ. ಮೊದಲ ಸಲ ಅಮ್ಮ ಖಾಲಿ ಕೊಡ ಹಿಡಿದು ಅಳುಕುತ್ತಾ ಬಾಗಿಲಲ್ಲಿ ನಿಂತಾಗ, "ಊರಿಗೆ ಬಂದಾಕಿ ನೀರಿಗೆ ಬರದಂಗ ಇರ್ತಾಳೇನು, ಬಾರವ್ವಾ" ಎಂದು ಆಕೆ ಒಳಗೆ ಕರೆದಿದ್ದಳಂತೆ. ಆ ಒಂದು ಮಾತಿನ ಮೇಲೆ ನಮ್ಮ ಮನೆಯ ಅಡುಗೆ, ಸ್ನಾನ, ಬಟ್ಟೆಬರೆ ಎಲ್ಲ ನಡೆಯುತ್ತಿತ್ತು.

ಎಂಬತ್ತರ ದಶಕದ ಆರಂಭ. ನಗರಸಭೆಯ ಚುನಾವಣೆ ಬಂತು. ನಮ್ಮ ವಾರ್ಡಿಗೆ ನಿಂತ ಎಣ್ಣೆ ಗಿರಣಿಯ ಸಾಹುಕಾರರು ನಮ್ಮ ಓಣಿಗೂ ನಳ ಹಾಕಿಸುತ್ತೇನೆಂದು ಹೇಳಿಹೋದರು. ನಾನಾಗ ಕಾಲೇಜಿಗೆ ಹೊಸದಾಗಿ ಸೇರಿದವನು. ವೋಟೂ ಬಂದಿರಲಿಲ್ಲ, ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಗಿರಣಿಗೆ ಹೋಗಿ, ಪ್ರಚಾರದ ಚಿಂತೆ ನನಗೆ ಬಿಡಿ ಎಂದೆ. ಅವರು ಶೇಂಗಾ ಚೀಲ ಎಣಿಸುತ್ತಲೇ ಹೂಂ ಎಂದರು. ನಳ ಬೇಕಿತ್ತು ನಿಜ, ಆದರೆ ಅದರ ಹಿಂದೆ ಇನ್ನೊಂದು ಆಸೆಯೂ ಇತ್ತು. ಇಲ್ಲಿಯವರು ತಮಿಳರಿಗೆ ಅರವರು ಎನ್ನುತ್ತಾರೆ. ಹುಟ್ಟಿದಾಗಿನಿಂದ ನಾನು ಅರವರ ಹುಡುಗ. ಸಾಹುಕಾರರು ನಾಲ್ಕು ಜನರ ಮುಂದೆ ಒಮ್ಮೆ ನಮ್ಮ ಹುಡುಗ ಅಂದುಬಿಟ್ಟರೆ ಸಾಕು ಎಂದು ಜೀವ ಬಡಿದುಕೊಳ್ಳುತ್ತಿತ್ತು.

ಬಿಸಿಲಿಗೆ ನಾಯಿಯೂ ಹೊರಬರದ ಮಧ್ಯಾಹ್ನ. ಅಪ್ಪನ ಸುಣ್ಣ, ಅಪ್ಪನ ಕುಂಚ. ಮುಂದಿನ ಓಣಿಯ ಗೋಡೆಗಳಿಗೆ ಬಳಿದು, ಕೆಮ್ಮಣ್ಣಿನಲ್ಲಿ ದಪ್ಪಗೆ ಬರೆದೆ: ಈ ಗೋಡೆ ನಮ್ಮದು. ಸಾಹುಕಾರರಿಗೆ ಚಿಹ್ನೆ ಇನ್ನೂ ಸಿಕ್ಕಿರಲಿಲ್ಲ. ಸಿಕ್ಕ ಮೇಲೆ ಅದರ ಪಕ್ಕ ಹೆಸರನ್ನೂ ಚಂದಾಗಿ ಬರೆಯೋಣವೆಂದು ಕೆಳಗೆ ಜಾಗ ಬಿಟ್ಟೆ. ಎಂಥಾ ಮುಂದಾಲೋಚನೆ ನೋಡಿ!

ಸಂಜೆಗೆ ಓಣಿ ಎದ್ದಿತು. ಒಬ್ಬಾತ ಖುಷಿಯಾಗಿ, ಬಳಿದವನು ಯಾರೇ ಆಗಲಿ, ಬಚ್ಚಲ ಗೋಡೆಗೂ ಬಳಿದು ಹೋಗಲಿ ಎಂದ. ತಮ್ಮನೊಡನೆ ಪಾಲಿನ ವ್ಯಾಜ್ಯವಿದ್ದ ಇನ್ನೊಬ್ಬಾತ, ಇದು ತಮ್ಮನದೇ ಕಿತಾಪತಿ ಎಂದು ಬಡಿಗೆ ಹಿಡಿದು ಹೊರಟ. ಮುದುಕಿಗೆ ಓದಲು ಬರುತ್ತಿರಲಿಲ್ಲ. ಅವಳ ಗೋಡೆಯ ಮೇಲಿನದನ್ನು ನೆರೆಯವರು ಓದಿ ಹೇಳಿದರು. ಸುಣ್ಣ, ಕುಂಚ ಇರುವುದು ಯಾರ ಮನೆಯಲ್ಲೆಂದು ಆಕೆಗೆ ಗೊತ್ತಿತ್ತು; ನೆಟ್ಟಗೆ ನಮ್ಮ ಮನೆಗೆ ಬಂದಳು.

"ಗೋಡಿ ನಿಮ್ಮದಾದ್ರ, ನಾ ಯಾರ ಮನ್ಯಾಗ ಅದೀನಿ?"

ನಾನು ಮಾವನ ಗತ್ತಿನಲ್ಲಿ ಕೈಯೆತ್ತಿ ಪ್ರಜಾಪ್ರಭುತ್ವ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಅಮ್ಮನ ಕಡೆ ತಿರುಗಿ, ನಾಳೆಯಿಂದ ನೀರಿಗೆ ಬರಬೇಡ ಎಂದು ಹೇಳಿ ಹೋದಳು.

ಮರುದಿನ ಅಮ್ಮ ಖಾಲಿ ಕೊಡ ತಂದು ನನ್ನ ಮುಂದಿಟ್ಟಳು, ಅಷ್ಟೇ. ಗಿರಣಿಗೆ ಓಡಿದೆ. ಅಲ್ಲಿ ಗೋಡೆಯ ದೂರು ಹೊತ್ತು ಬಂದ ಜನ ತುಂಬಿದ್ದರು. ಆ ಅರವರ ಹುಡುಗನಿಗೂ ತಮಗೂ ಸಂಬಂಧವೇ ಇಲ್ಲವೆಂದು ಸಾಹುಕಾರರು ಎಲ್ಲರಿಗೂ ಕೇಳುವಂತೆ ಹೇಳಿದರು. ನಾಲ್ಕು ಜನರ ಮುಂದೆ ಅನ್ನಿಸಿಕೊಳ್ಳಬೇಕೆಂದಿದ್ದೆ, ಅನ್ನಿಸಿಕೊಂಡೆ. ಮಾಡಿದ್ದುಣ್ಣೋ ಮಹರಾಯ.

ಅಪ್ಪ ಸುಣ್ಣದ ಬಕೀಟು ನನ್ನ ಕೈಗೆ ಕೊಟ್ಟು ಮುದುಕಿಯ ಮನೆಗೆ ಎಳೆದೊಯ್ದ. ತಲೆ ತಗ್ಗಿಸಿ, ಅಕ್ಷರ ಅಳಿಸಲು ತಾನೇ ಕುಂಚ ಅದ್ದಿದ. ಇಲ್ಲಿಯವರ ಮುಂದೆ ಅಪ್ಪ ಅಷ್ಟು ಕುಗ್ಗಿದ್ದನ್ನು ನಾನು ನೋಡಿರಲಿಲ್ಲ. ಮುದುಕಿ ಬಾಗಿಲಿನಿಂದ ಇಳಿದು ಬಂದು ಅವನ ಕುಂಚಕ್ಕೆ ಕೈ ಅಡ್ಡ ಹಿಡಿದಳು.

"ಇರ್ಲಿ ಬಿಡು ಮೇಸ್ತ್ರಿ. ನಮ್ಮದು ಅಂತ ಬರದಾನಲ್ಲ, ಮಳಿಗೆ ಬಿದ್ರ ಇವನಽ ಕಟ್ಲಿ." ಒಳಗೆ ಹೋಗುತ್ತಾ ಮತ್ತೆ ಅಂದಳು, "ನಿನ್ನ ಹೇಣ್ತಿಗೆ ಹೇಳು, ನಳದಾಗ ನೀರು ಬಂದದ."

ಆ ಸಲ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಇಲ್ಲಿ ಮೊದಲ ವೋಟು ಹಾಕಿದ. ಯಾರಿಗೆ ಹಾಕಿದನೆಂದು ಹೇಳಲಿಲ್ಲ. ಸಾಹುಕಾರರು ಗೆದ್ದರು. ನಮ್ಮ ಓಣಿಗೆ ನಳ ಬರಲಿಲ್ಲ.

ಮಳೆ ಮಾತ್ರ ಬಂತು. ನಿನ್ನ ಗೋಡೆ ಬಿದ್ದಿದೆ ಬಾ ಎಂದು ಮುದುಕಿ ಅಮ್ಮನ ಕೈಯಲ್ಲೇ ಹೇಳಿಕಳಿಸಿದಳು. ಗೌಂಡಿಯ ಮಗನಾಗಿಯೂ ಕರಣೆ ಹಿಡಿಯಲು ಬಾರದ ನಾನು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಲ್ಲು ಜೋಡಿಸಿದೆ. ಹಿಂದೆ ನಿಂತ ಅಪ್ಪ ಪ್ರತಿ ಕಲ್ಲಿಗೂ ಬೈದ. ನಾನಿಟ್ಟ ಸಾಲು ಹಾವಿನಂತೆ ಹರಿಯುತ್ತಿತ್ತು. ಗಬ್ಬೂರಿನಿಂದ ಬಂದಿದ್ದ ಮುದುಕಿಯ ನೆಂಟನೊಬ್ಬ ನಿಂತು ನೋಡಿ, ಯಾರು ಈ ಹುಡುಗ ಎಂದು ಕೇಳಿದ.

ಮುದುಕಿ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

"ನಮ್ಮ ಹುಡುಗ," ಅಂದಳು. "ಕೆಲಸ ಬರಂಗಿಲ್ಲ, ಅಷ್ಟ."