ಕನ್ನಡಿ ಹೊಲಿದ ಬೆಳ್ಳುಳ್ಳಿ ಚೀಲ

ನನ್ನ ಅಡುಗೆಮನೆಯ ಮೊಳೆಗೆ ತೂಗುವ ಬೆಳ್ಳುಳ್ಳಿ ಚೀಲಕ್ಕೆ ಮೈತುಂಬ ಕನ್ನಡಿಚೂರು. ಇಂಥ ಕಸೂತಿಗೆ ಬೆಳ್ಳುಳ್ಳಿಯ ವಾಸನೆ ಹಿಡಿಸುವುದೇ, ಗಾಜಿನ ಕಪಾಟಿನಲ್ಲಿಡಬಾರದೇ ಎಂದು ಬಂದವರೆಲ್ಲ ನನ್ನ ರಸಿಕತೆಯನ್ನೇ ಸಂಶಯಿಸುತ್ತಾರೆ. ನಾನು ನಕ್ಕು, ಒಗ್ಗರಣೆಗೆ ಇನ್ನೆರಡು ಎಸಳು ಸುಲಿಯುತ್ತೇನೆ.

ಚಂದ್ರಂಪಳ್ಳಿಯ ಅಣೆಕಟ್ಟೆಯ ಕೆಲಸ ನಡೆದಿದ್ದ ಕಾಲ. ಚಿತ್ತಾಪುರದವಳಾದ ನಾನು ಚಿಂಚೋಳಿ ಸೀಮೆಯ ಒಂದು ಲಂಬಾಣಿ ತಾಂಡಾದ ಶಾಲೆಗೆ ಶಿಕ್ಷಕಿಯಾಗಿ ಹೋದೆ. ಮಕ್ಕಳಿಗೆ ನನ್ನ ಕನ್ನಡ ತಿಳಿಯದು, ನನಗೆ ಅವರ ಮಾತು ತಿಳಿಯದು. ಹಾಜರಿ ಕೂಗುವಷ್ಟರಲ್ಲಿ ಬೇಲಿ ಹಾರಿ ಮಾಯವಾಗುತ್ತಿದ್ದರು. ಅವರು ಶಾಲೆಯಲ್ಲಿ ಉಳಿಯಬೇಕಾದರೆ ನಾನು ಆ ನುಡಿ ಕಲಿಯಲೇಬೇಕಿತ್ತು. ಶಹಾಬಾದದ ವಾಚನಾಲಯದಲ್ಲಿ ವಿಚಾರಿಸಿದರೆ, ಲಿಪಿಯಿಲ್ಲದ ಭಾಷೆಗೆ ಪುಸ್ತಕವೆಲ್ಲಿಂದ ತರೋಣ ಎಂದು ನಕ್ಕರು. ಕೊನೆಗೆ ನೆರೆಮನೆಯ ಸೋಮ್ಲಿಬಾಯಿಯ ಜಗುಲಿಯೇ ನನ್ನ ಪಾಠಶಾಲೆಯಾಯಿತು. ಆಕೆ ಕನ್ನಡಿ ಹೊಲಿಯುತ್ತ ಹೇಳುವಳು: ನೀರು ಪಾಣಿ, ರೊಟ್ಟಿ ಬಾಟಿ, ಅವ್ವ ಯಾಡಿ. ನಾನು ಗಿಳಿಪಾಠ ಒಪ್ಪಿಸುವೆ. ಮಾತೇನೋ ಬಂತು, ಮಕ್ಕಳು ಮಾತ್ರ ಬೇಲಿಯಾಚೆಯೇ ಉಳಿದರು.

ಒಂದು ಬೆಳಿಗ್ಗೆ ಸೋಮ್ಲಿಬಾಯಿ ಅಪರಿಚಿತ ಹೆಂಗಸೊಬ್ಬಳ ಕೊರಳಿಗೆ ಬಿದ್ದು ರಾಗವಾಗಿ ಅಳುತ್ತಿದ್ದಳು. ಸಾವೇ ಸರಿ ಎಂದುಕೊಂಡು ಶಾಲೆಗೆ ರಜೆ ಸಾರಿ, ತಲೆಗೆ ಸೆರಗು ಹೊದ್ದು ಹೋಗಿ ಕುಳಿತೆ.

"ಯಾರು ಹೋದ್ರವ್ವಾ?"

ಅಳುತ್ತಿದ್ದವಳು ಬಿದ್ದು ಬಿದ್ದು ನಕ್ಕಳು. "ಯಾರೂ ಹೋಗಿಲ್ರಿ ಅಕ್ಕೋರ, ನನ್ ತಂಗಿ ಬಂದಾಳ! ಭಾಳ ದಿನಕ್ಕ ಬಂದೋರನ್ನ ನಾವು ಅತ್ತೇ ಕರ್ಕೋತೀವಿ. ಅಳಲಾರ್ದ ಕರದ್ರ ಆಕಿ ಹೊರಗಿನಾಕಿ ಆಗಲ್ಲೇನ್ರಿ?"

ನಾವು ಕಳಿಸುವಾಗ ಅಳುತ್ತೇವೆ, ಬಂದಾಗ ಚಹಾ ಕೊಡುತ್ತೇವೆ. ಇವರಲ್ಲಿ ಅಗಲಿದ್ದ ದಿನಗಳ ದುಃಖವನ್ನೆಲ್ಲ ಹಾಡಿ ತೀರಿಸಿದ ಮೇಲೆಯೇ ಸಂತೋಷ ಹೊಸ್ತಿಲು ದಾಟುತ್ತದೆ. ಗೆಳೆಯರೇ, ಅಂದಿನಿಂದ ನನಗೊಂದು ಹುಚ್ಚು ಆಸೆ ಹತ್ತಿತು: ನನ್ನನ್ನು ಕಂಡೂ ಯಾರಾದರೂ ಹೀಗೆ ಅಳಬಾರದೇ!

ಬೇಸಿಗೆ ರಜೆ ಮುಗಿಸಿ ಮರಳಿದ ದಿನ ಸೋಮ್ಲಿಬಾಯಿ ಎದುರು ಬಂದಳು. ಆಗಷ್ಟೇ ಹೊಲಿದು ಮುಗಿಸಿದ್ದ ಚೀಲವನ್ನು ನನ್ನ ಹೆಗಲಿಗೇರಿಸಿ, ಕೊರಳಿಗೆ ಬಿದ್ದು ರಾಗ ಎತ್ತಿದಳು. ಬಂದವಳು ಅದೇ ರಾಗದಲ್ಲಿ ಮರುನುಡಿಯಬೇಕಾದ ಸಾಲು ನನಗೆ ಬಾರದು. 'ಯಾಡಿ' ಎಂಬ ಒಂದೇ ಮಾತನ್ನು ಹಿಡಿದು, ಉಳಿದದ್ದನ್ನೆಲ್ಲ ಚಿತ್ತಾಪುರದ ಕನ್ನಡದಲ್ಲೇ ಅತ್ತೆ. ಎಂಥ ಸುಖದ ಅಳು ಅದು! ಬೇಲಿಯಾಚೆ ನಿಂತು ನೋಡುತ್ತಿದ್ದ ಮಕ್ಕಳು ನನ್ನ ಹಿಂದೆಯೇ ಬಂದು ಶಾಲೆಯಲ್ಲಿ ಕುಳಿತರು.

ಈಗ ನೀವೇ ಹೇಳಿ, ತವರಿನಿಂದ ಬಂದ ಚೀಲವನ್ನು ಯಾರಾದರೂ ಗಾಜಿನ ಕಪಾಟಿನಲ್ಲಿಡುತ್ತಾರೆಯೇ? ಅದರಲ್ಲಿ ಬೆಳ್ಳುಳ್ಳಿ ಇಡುತ್ತಾರೆ.